ಹುಳಿಸೊಪ್ಪು: ಹೆಸರು ಮತ್ತು ಪಾಕ

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯ ಸೀಮೆ ರಾಗಿಯನ್ನುಂಬ ಸೀಮೆ. ಅಲ್ಲಿ ಮುದ್ದೆಗೆ ಜೊತೆಯಾಗುವ ಸೊಪ್ಪಿನ ಅಡಿಗೆಗಳ ಹೆಸರುಗಳೇ ಪಾಕಕ್ರಮವನ್ನು ತಿಳಿಸುತ್ತವೆ. ಬೆಂದ ಸೊಪ್ಪಿನ ನೀರನ್ನು ಬಸಿದು ಮಾಡಿದ ಸಾರು ಬಸ್ಸಾರು. ಬೇಳೆಯೊಡನೆ ಬೆಂದುದನ್ನು ಮಸೆದರೆ ಮಸ್ಸೊಪ್ಪು. ಇಂತಹ ಅಡಿಗೆಗಳಿಗೆ ಸೇರುವ ಬೆರಕೆಸೊಪ್ಪಿನಲ್ಲಿ ಹುಳಿಯಾದುದೊಂದು ಇದ್ದರೆ ಹುಣಿಸೆಯ ಹಣ್ಣಿನ ಕೆಲಸ ಬಹುಮಟ್ಟಿಗೆ ತಪ್ಪುತ್ತದೆ.

ಆದರೆ ‘ಹುಳಿಸೊಪ್ಪು’ ಎಂದರೆ ಯಾವುದು? ನಿಘಂಟುಕಾರರೂ ಉಪಾಧ್ಯಾಯರೂ ಎಡವುವುದು ಇಲ್ಲಿಯೇ. ಈ ಹೆಸರು ಸಲ್ಲುವ ಗಿಡಗಳು ಒಂದೇ ಕುಲದವಲ್ಲ. ತೆಲುಗರು ಚುಕ್ಕಕೂರ ಎಂದೂ ಉತ್ತರ ಕರ್ನಾಟಕದವರು ಹುಳಿಚಿಕ್ಕ ಎಂದೂ ಕರೆಯುವುದು ರ್ಯೂಮೆಕ್ಸ್ ಜಾತಿಯದು. ಸಂಸ್ಕೃತದ ‘ಚುಕ್ರ’ ಶಬ್ದವು ಹುಳಿಯನ್ನೂ ಈ ಸೊಪ್ಪನ್ನೂ ಹೇಳುತ್ತದೆ. ಪುಂಡಿಯಾದರೋ ದಾಸವಾಳದ ಬಳಗದ್ದು, ನಾರಿಗಾಗಿಯೂ ಬೆಳೆಯುವಂಥದು. ತೆಲುಗಿನ ಗೋಂಗುರ ಇದೇ. ತೇವದ ನೆಲದಲ್ಲಿ ತಾನಾಗಿ ಹಬ್ಬುವ, ಮೂರೆಲೆಯ, ಹಳದಿ ಹೂವಿನ ಪುಟ್ಟ ಗಿಡ ಮೂರನೆಯದು. ವೈದ್ಯಗ್ರಂಥಗಳ ಚಾಂಗೇರಿಯೇ ಅದು. ಒಂದರ ಗುಣವನ್ನು ಮತ್ತೊಂದಕ್ಕೆ ಆರೋಪಿಸುವುದು ಯುಕ್ತವಲ್ಲ.

ಹಳಗನ್ನಡದ ‘ಪುಳಿ’ಯೇ ಪಕಾರವು ಹಕಾರವಾಗಿ ‘ಹುಳಿ’ಯಾಯಿತು. ತಮಿಳು ಮಲೆಯಾಳಗಳಲ್ಲಿ ಪಕಾರವು ಹಾಗೆಯೇ ಉಳಿದಿದೆ. ಕನ್ನಡದಲ್ಲಿಯೂ ‘ಪುಳಿಯೋಗರೆ’ ಅದನ್ನು ಬಿಟ್ಟಿಲ್ಲ. ರುಚಿಯ ಹೆಸರು ಅಡಿಗೆಗೂ ಸಂದು, ಬೇಳೆ ತರಕಾರಿಗಳ ವ್ಯಂಜನವೂ ‘ಹುಳಿ’ ಎನಿಸಿತು. ತೆಲುಗಿನ ‘ಪುಲುಸು’ ಸಹ ಇದೇ ದಾರಿಯನ್ನು ಹಿಡಿದಿದೆ.

ಪಾಕದಲ್ಲಿ ಗಮನಿಸತಕ್ಕ ಮುಖ್ಯ ಅಂಶ ಕ್ರಮ. ಹುಳಿಯೊಡನೆ ಹಾಕಿದ ಬೇಳೆ ಬೇಗ ಮೆತ್ತಗಾಗದು. ಆದುದರಿಂದ ಬೇಳೆಯು ಬೆಂದ ತರುವಾಯವೇ ಈ ಸೊಪ್ಪನ್ನು ಸೇರಿಸಬೇಕು; ಅದು ಕ್ಷಣಮಾತ್ರದಲ್ಲಿ ಕರಗುತ್ತದೆ. ಹಸುರು ಬಣ್ಣ ಮಾಸಿ ಕಂದುವುದು ಆಮ್ಲದ ಕಾರ್ಯವೇ ಹೊರತು ಅಡಿಗೆಯವಳ ದೋಷವಲ್ಲ. ಉತ್ತರದಲ್ಲಿ ಪುಂಡಿಪಲ್ಯಕ್ಕೆ ಜೋಳದ ನುಚ್ಚನ್ನು ಬೆರಸಿ ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತಾರೆ. ನುಚ್ಚು ಹುಳಿಯ ತೀಕ್ಷ್ಣತೆಯನ್ನು ತಗ್ಗಿಸುತ್ತದೆ. ರಾಗಿಯ ಸೀಮೆಯಲ್ಲಿ ಆ ಕೆಲಸವನ್ನು ಬೇಳೆಯೂ ಮುದ್ದೆಯೂ ಮಾಡುತ್ತವೆ.

ಚುಕ್ಕ, ಚಾಂಗೇರಿಗಳ ಹುಳಿಗೆ ಮುಖ್ಯಕಾರಣ ಆಕ್ಸಾಲಿಕ್ ಆಮ್ಲ. ಹುಣಿಸೆಯದು ಟಾರ್ಟಾರಿಕ್ ಆಮ್ಲ. ಮೊದಲನೆಯದು ನೀರಿನಲ್ಲಿ ಕರಗುವುದರಿಂದ ಬಸಿದ ನೀರನ್ನು ಚೆಲ್ಲಿದರೆ ಬಹುಭಾಗ ಹೋಗುತ್ತದೆ, ಬಸ್ಸಾರಿನಲ್ಲಾದರೋ ಉಳಿಯುತ್ತದೆ. ಮೂತ್ರಪಿಂಡದ ಕಲ್ಲಿನ ಬಾಧೆಯುಳ್ಳವರು ಈ ಭೇದವನ್ನು ಅರಿತಿರಬೇಕು. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳ ಪಾತ್ರೆಯಲ್ಲಿ ಹುಳಿಯನ್ನು ಕುದಿಸಬಾರದು, ಲೋಹವು ಅಡಿಗೆಗೆ ಇಳಿಯುತ್ತದೆ. ಮಡಕೆಗೆ ಆ ಭಯವಿಲ್ಲ.