ಅಮೇರಿಕಾದಲ್ಲಿ ನೌಕರಿಯ ವೀಸಾದಿಂದ ಖಾಯಂ ವಾಸದ ಹಕ್ಕಿಗೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಇಂದು ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೌಕರಿಯಲ್ಲಿದ್ದಾರೆ. ಬೇರೆ ಹಲವರು ಪತಿಯ ನೌಕರಿಯ ನಿಮಿತ್ತ ಅಲ್ಲಿ ಸಂಸಾರ ಹೂಡಿದ್ದಾರೆ. ಇವರ ತಾಯಿತಂದೆಗಳು ನಮ್ಮನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: “ಮಗಳು ಹೋಗಿ ಹತ್ತು ವರುಷವಾಯಿತು, ಕೆಲಸವೂ ಒಳ್ಳೆಯದೇ, ಆದರೂ ಅವಳಿಗೆ ಇನ್ನೂ ಗ್ರೀನ್ ಕಾರ್ಡ್ ಬಾರದಿರುವದೇಕೆ?” ಮಗಳಲ್ಲಿಯೇ ಏನೋ ಕೊರತೆಯಿರಬೇಕೆಂದು ಒಳಗೊಳಗೆ ಕೊರಗುವವರೂ ಉಂಟು. ಸಂಗತಿಯು ಹಾಗಲ್ಲವೆಂಬದನ್ನೂ, ಈ ಹಾದಿಯಲ್ಲಿ ಯಾವದು ಕಂಪೆನಿಯ ಕೈಯಲ್ಲಿದೆ, ಯಾವದು ಸರಕಾರದ ಕೈಯಲ್ಲಿದೆ, ಯಾವದು ನೌಕರಿಮಾಡುವವಳ ಸ್ವಂತದ್ದು ಎಂಬದನ್ನೂ ತಿಳಿಯಪಡಿಸುವದೇ ಈ ಲೇಖನದ ಉದ್ದೇಶವು.

ನಮ್ಮವರಲ್ಲಿ ಬಹುಮಂದಿ ಎಚ್-1ಬಿ ಎಂಬ ವೀಸಾದ ಮೇಲೆ ಕೆಲಸಮಾಡುತ್ತಾರೆ. ಇದು 1990 ನೆಯ ಇಸವಿಯ ವಲಸೆಯ ಕಾಯಿದೆಯಿಂದ ಈಗಿನ ರೂಪಕ್ಕೆ ಬಂದದ್ದು. ಇದಕ್ಕಾಗಿ ಅರ್ಜಿಮಾಡತಕ್ಕವಳು ನೌಕರಳಲ್ಲ, ಕಂಪೆನಿಯೇ. ಮೊದಲು ಮೂರು ವರುಷ, ಬಳಿಕ ಇನ್ನು ಮೂರು ವರುಷ, ಹೀಗೆ ಒಟ್ಟು ಆರು ವರುಷಗಳ ತನಕ ಇದರ ಅವಧಿಯಿರುವದು. ಪ್ರವಾಸಿಯಾಗಲಿ ವಿದ್ಯಾರ್ಥಿನಿಯಾಗಲಿ ತಾನು ತಿರುಗಿ ಊರಿಗೆ ಹೋಗುವೆನೆಂದು ತೋರಿಸಬೇಕಾಗಿರುವಾಗ, ಎಚ್-1ಬಿ ಉಳ್ಳವಳು ಆ ದೇಶದಲ್ಲಿಯೇ ನೆಲೆಸುವ ಇಚ್ಛೆಯನ್ನು ಮರೆಮಾಚಬೇಕಾಗಿಲ್ಲ. ಆದರೆ ಎಷ್ಟು ವರುಷ ಕೆಲಸಮಾಡಿದರೂ ಈ ವೀಸಾವು ತನ್ನಷ್ಟಕ್ಕೆ ತಾನೇ ಖಾಯಂ ವಾಸದ ಹಕ್ಕಾಗಿ ಮಾರ್ಪಡುವದಿಲ್ಲ. ಅದಕ್ಕೆ ಬೇರೆಯೇ ಮೂರು ಮೆಟ್ಟಲುಗಳುಂಟು.

ಮೊದಲನೆಯ ಮೆಟ್ಟಲು ಅಲ್ಲಿಯ ಕಾರ್ಮಿಕ ಇಲಾಖೆಯದು. ಇದಕ್ಕೆ 2005 ರಿಂದ ಪರ್ಮ್ ಎಂಬ ಹೆಸರು ರೂಢಿಯಲ್ಲಿದೆ. ಆ ಊರಿನಲ್ಲಿ ಆ ಕೆಲಸಕ್ಕೆ ಸಲ್ಲುವ ಸಂಬಳವೆಷ್ಟೆಂಬದನ್ನು ಇಲಾಖೆಯು ಮೊದಲು ಗೊತ್ತುಮಾಡುವದು. ಬಳಿಕ ಕಂಪೆನಿಯು ಆ ಕೆಲಸಕ್ಕೆ ತಕ್ಕ ಸ್ವದೇಶದವರು ಸಿಕ್ಕುವರೋ ಎಂದು ನಿಜವಾಗಿ ಹುಡುಕಿ ನೋಡಬೇಕು. ಎರಡು ಭಾನುವಾರಗಳ ವೃತ್ತಪತ್ರಿಕೆಗಳಲ್ಲಿ ಜಾಹೀರಾತು, ಆ ಸಂಸ್ಥಾನದ ಉದ್ಯೋಗ ಕಚೇರಿಯಲ್ಲಿ 30 ದಿನಗಳ ಪ್ರಕಟಣೆ, ಇವಲ್ಲದೆ ವಿದ್ಯಾವಂತರ ಕೆಲಸಗಳಿಗೆ ಇನ್ನೂ ಮೂರು ವಿಧದ ಹುಡುಕಾಟ, ಇವೆಲ್ಲ ನಡೆಯಬೇಕು. ಯೋಗ್ಯರಾರೂ ಸಿಕ್ಕದಿದ್ದರೆ ಮಾತ್ರ ಅರ್ಜಿಯು ಇಲಾಖೆಗೆ ಹೋಗುವದು. ಈ ಮೆಟ್ಟಲಿನ ಖರ್ಚನ್ನೂ ವಕೀಲರ ಫೀಸನ್ನೂ ಕಂಪೆನಿಯೇ ಹೊರಬೇಕೆಂದು ನಿಯಮವಿದೆ; ನೌಕರಳ ಸಂಬಳದಿಂದ ಅದನ್ನು ಹಿಡಿದುಕೊಳ್ಳುವ ಹಾಗಿಲ್ಲ. ಇಲಾಖೆಯು ಅರ್ಜಿಯನ್ನು ಸ್ವೀಕರಿಸಿದ ದಿವಸವನ್ನು ಪ್ರಾಯಾರಿಟಿ ಡೇಟ್ ಎನ್ನುವರು. ನಾವು ಅದನ್ನು ಸರದಿಯ ತಾರೀಖೆಂದು ಕರೆಯೋಣ. ಮುಂದಿನದೆಲ್ಲಾ ಈ ಒಂದು ತಾರೀಖಿನ ಮೇಲೆ ನಿಂತಿದೆ.

ಎರಡನೆಯ ಮೆಟ್ಟಲಿನಲ್ಲಿ, ಇಲಾಖೆಯ ಒಪ್ಪಿಗೆ ಬಂದ 180 ದಿನಗಳೊಳಗೆ ಕಂಪೆನಿಯು ವಲಸೆಯ ಕಚೇರಿಗೆ ಐ-140 ಎಂಬ ಅರ್ಜಿಯನ್ನು ಸಲ್ಲಿಸುವದು. ಹೇಳಿದ ಸಂಬಳವನ್ನು ಕೊಡಲು ತನಗೆ ಶಕ್ತಿಯುಂಟೆಂದು ಕಂಪೆನಿಯೂ, ಕೆಲಸಕ್ಕೆ ಬೇಕಾದ ವಿದ್ಯೆಯೂ ಅನುಭವವೂ ಸರದಿಯ ತಾರೀಖಿಗೆ ಮೊದಲೇ ತನಗಿದ್ದವೆಂದು ನೌಕರಳೂ ಇಲ್ಲಿ ರುಜುವಾತುಪಡಿಸಬೇಕು. ಸ್ನಾತಕೋತ್ತರ ಪದವಿಯುಳ್ಳವರು, ಇಲ್ಲವೆ ಪದವಿಯ ಮೇಲೆ ಐದು ವರುಷ ಏರುಗತಿಯ ಅನುಭವವುಳ್ಳವರು ಎರಡನೆಯ ತರಗತಿಗೆ ಸೇರುವರು. ಬರಿಯ ಪದವಿಯವರೂ ಎರಡು ವರುಷದ ತರಬೇತು ಬೇಕಾಗುವ ಕೆಲಸದವರೂ ಮೂರನೆಯ ತರಗತಿಗೆ ಸೇರುವರು. ತಾಯಿತಂದೆಗಳು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಮ್ಮಲ್ಲಿಯ ಮೂರು ವರುಷದ ಬಿ.ಎಸ್‌ಸಿ., ಬಿ.ಕಾಂ. ಪದವಿಗಳನ್ನು ಅಲ್ಲಿಯ ನಾಲ್ಕು ವರುಷದ ಪದವಿಗೆ ಸಮವೆಂದು ಆ ಕಚೇರಿಯವರು ಸಾಮಾನ್ಯವಾಗಿ ಎಣಿಸುವದಿಲ್ಲ. ಆದಕಾರಣ ಅಂಥ ಪದವಿಯುಳ್ಳವಳು ಅರ್ಜಿಯ ಒಕ್ಕಣೆಯನ್ನು ಮೊದಲನೆಯ ಮೆಟ್ಟಲಿನಲ್ಲಿಯೇ ವಕೀಲರೊಂದಿಗೆ ವಿಚಾರಿಸಿಕೊಳ್ಳತಕ್ಕದ್ದು.

ಮೂರನೆಯ ಮೆಟ್ಟಲಿನಲ್ಲಿ ಐ-485 ಎಂಬ ಅರ್ಜಿಯನ್ನು ನೌಕರಳೇ ಸಲ್ಲಿಸುವಳು. ಆದರೆ ಅವಳ ಸರದಿಯು ಬಂದ ಹೊರತು ಅದನ್ನು ಸಲ್ಲಿಸಲಾಗದು. ಇಲ್ಲಿಯೇ ನಮ್ಮವರು ತಡೆದು ನಿಲ್ಲುವದು. ನೌಕರಿಯ ಮೂಲಕ ವರುಷಕ್ಕೆ ಕೊಡುವ ವೀಸಾಗಳು ಸುಮಾರು 1,40,000. ಗಂಡಹೆಂಡಿರೂ ಮಕ್ಕಳೂ ಈ ಲೆಕ್ಕದೊಳಗೇ ಸೇರುವರು. ಅವುಗಳಲ್ಲಿ ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ ನೂರಕ್ಕೆ 7 ಕ್ಕಿಂತ ಹೆಚ್ಚು ಸಲ್ಲದು. ದೇಶ ಚಿಕ್ಕದಾಗಲಿ ದೊಡ್ಡದಾಗಲಿ ಪಾಲು ಒಂದೇ. ಹೀಗಿರಲಾಗಿ, ಭಾರತದಲ್ಲಿ ಹುಟ್ಟಿದ ಅರ್ಜಿದಾರರು ಬಹಳವಾದ್ದರಿಂದ ಅವರ ಸಾಲು ಬಹು ಉದ್ದವಾಗಿದೆ. ಅಲ್ಲಿಯ ವಿದೇಶಾಂಗ ಇಲಾಖೆಯು ತಿಂಗಳಿಗೊಮ್ಮೆ ವೀಸಾ ಬುಲೆಟಿನ್ ಎಂಬ ಪತ್ರವನ್ನು ಹೊರಡಿಸಿ, ಯಾವ ತಾರೀಖಿನವರ ಸರದಿ ಬಂದಿದೆಯೆಂಬದನ್ನು ತಿಳಿಸುವದು. 2025 ನೆಯ ಅಕ್ಟೋಬರಿನ ಪತ್ರದಲ್ಲಿ ಭಾರತದ ಎರಡನೆಯ ಮತ್ತು ಮೂರನೆಯ ತರಗತಿಗಳೆರಡೂ 2013 ನೆಯ ಇಸವಿಯಲ್ಲಿಯೇ ನಿಂತಿದ್ದವು. ಆ ತಾರೀಖು ಕೆಲವೊಮ್ಮೆ ಹಿಂದಕ್ಕೂ ಸರಿಯುವದುಂಟು. ಮಗಳ ಕಾರ್ಡ್ ತಡವಾಗಿರುವದು ಈ ಲೆಕ್ಕದಿಂದಲೇ ಹೊರತು ಅವಳ ಯೋಗ್ಯತೆಯ ಕೊರತೆಯಿಂದಲ್ಲ.

ಇಲ್ಲಿ ಎಣಿಕೆಗೆ ಬರುವದು ಹುಟ್ಟಿದ ದೇಶವೇ ಹೊರತು ಪಾಸ್‌ಪೋರ್ಟಿನ ದೇಶವಲ್ಲ. ಗಂಡಹೆಂಡಿರು ಬೇರೆ ಬೇರೆ ದೇಶಗಳಲ್ಲಿ ಹುಟ್ಟಿದವರಾದರೆ ಒಬ್ಬರ ದೇಶದ ಸಾಲಿನಲ್ಲಿ ಇಬ್ಬರೂ ನಿಲ್ಲಬಹುದು. ಗಂಡನು ಮಂಗಳೂರಿನಲ್ಲಿ ಹುಟ್ಟಿ, ಹೆಂಡತಿಯು ತಂದೆಯ ಉದ್ಯೋಗದ ನಿಮಿತ್ತ ಕುವೈತಿನಲ್ಲಿ ಹುಟ್ಟಿದವಳಾಗಿದ್ದರೆ ಕುವೈತಿನ ಚಿಕ್ಕ ಸಾಲು ಇಬ್ಬರಿಗೂ ಸಲ್ಲುವದು. ನಮ್ಮ ಕರಾವಳಿಯ ಮನೆತನಗಳಲ್ಲಿ ಇಂಥ ಜೋಡಿಗಳು ಅಪರೂಪವಲ್ಲ.

ಇನ್ನು ಕಾಯುವ ಕಾಲದ ಸಂಗತಿ. ಆರು ವರುಷ ಮುಗಿದ ಮೇಲೆ ಏನು ಗತಿ? 2000 ನೆಯ ಇಸವಿಯ ಒಂದು ಕಾಯಿದೆಯ ಮೇರೆಗೆ, ಮೊದಲನೆಯ ಅಥವಾ ಎರಡನೆಯ ಮೆಟ್ಟಲಿನ ಅರ್ಜಿಯನ್ನು ಸಲ್ಲಿಸಿ 365 ದಿನಗಳಾಗಿದ್ದರೆ ಒಂದೊಂದು ವರುಷದಂತೆಯೂ, ಐ-140 ಮಂಜೂರಾಗಿ ಸರದಿ ಮಾತ್ರ ಬಾರದಿದ್ದರೆ ಮೂರು ಮೂರು ವರುಷದಂತೆಯೂ ಎಚ್-1ಬಿ ಯನ್ನು ಬೆಳೆಸಬಹುದು. ಆದಕಾರಣ ಐದನೆಯ ವರುಷ ಮುಗಿಯುವ ಮೊದಲೇ ಕಂಪೆನಿಯು ಮೊದಲನೆಯ ಮೆಟ್ಟಲನ್ನು ಹತ್ತಿರಬೇಕು. ಕೆಲಸಕ್ಕೆ ಸೇರುವಾಗಲೇ “ಈ ಅರ್ಜಿಯನ್ನು ಯಾವಾಗ ಮಾಡುವಿರಿ?” ಎಂದು ಕೇಳಲು ನಮ್ಮ ಹುಡುಗಿಯರು ಸಂಕೋಚಪಡಬಾರದು. ಯಾಕಂದರೆ ಅರ್ಜಿಮಾಡಲೇಬೇಕೆಂದು ಯಾವ ಕಾಯಿದೆಯೂ ಕಂಪೆನಿಯನ್ನು ಬಲಾತ್ಕರಿಸುವದಿಲ್ಲ.

ಅರ್ಜಿಯು ಕಂಪೆನಿಯದಾದರೂ ಸರದಿಯ ತಾರೀಖು ನೌಕರಳದು ಎಂಬದು ಈ ಲೇಖನದಲ್ಲಿ ಮುಖ್ಯವಾದ ಮಾತು. ಐ-140 ಮಂಜೂರಾದ ಬಳಿಕ ಅವಳು ಬೇರೆ ಕಂಪೆನಿಗೆ ಹೋದರೆ ಹೊಸ ಕಂಪೆನಿಯು ಮೊದಲನೆಯ ಎರಡನೆಯ ಮೆಟ್ಟಲುಗಳನ್ನು ತಿರುಗಿ ಹತ್ತಬೇಕು. ಆದರೆ ಹಳೆಯ ತಾರೀಖು ಅವಳೊಂದಿಗೆ ಹೋಗುವದು. 2017 ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, ಮಂಜೂರಾತಿಗೆ 180 ದಿನ ತುಂಬಿದ ಮೇಲೆ ಹಳೆಯ ಕಂಪೆನಿಯು ಅರ್ಜಿಯನ್ನು ಹಿಂದಕ್ಕೆ ತಕ್ಕೊಂಡರೂ, ಮುಚ್ಚಿಹೋದರೂ, ಅಷ್ಟರಿಂದಲೇ ಮಂಜೂರಾತಿಯು ರದ್ದಾಗದು. ಮೋಸವಾಗಲಿ ಕಚೇರಿಯ ದೊಡ್ಡ ತಪ್ಪಾಗಲಿ ಕಂಡುಬಂದರೆ ಮಾತು ಬೇರೆ. ಐ-485 ಸಲ್ಲಿಸಿ 180 ದಿನಗಳಾಗಿದ್ದರೆ ಅದೇ ತರದ ಇನ್ನೊಂದು ಕೆಲಸಕ್ಕೆ ಹೊಸ ಪರ್ಮ್ ಇಲ್ಲದೆಯೇ ಹೋಗಬಹುದು. ಎಚ್-1ಬಿ ಯಲ್ಲಿರುವಾಗ ಕೆಲಸ ಹೋದರೆ ಸಾಧಾರಣವಾಗಿ 60 ದಿನಗಳ ತನಕ ಬೇರೆ ದಾರಿ ನೋಡಿಕೊಳ್ಳಲು ಅವಕಾಶವುಂಟು. ಇದನ್ನು ತಿಳಿಯದೆ, ಕೆಲಸ ಬಿಟ್ಟರೆ ಎಲ್ಲವೂ ಹೋಯಿತೆಂದು ಹೆದರಿ, ಕಠಿಣ ಮಾತನ್ನೂ ಕಡಿಮೆ ಸಂಬಳವನ್ನೂ ವರುಷಗಟ್ಟಲೆ ಸಹಿಸಿಕೊಂಡಿರುವವರುಂಟು.

ಪತಿಯ ವೀಸಾದ ಮೇಲೆ ಎಚ್-4 ಆಗಿ ಹೋದವಳಿಗೆ ಕೆಲಸಮಾಡುವ ಹಕ್ಕು ತಾನಾಗಿ ಬರುವದಿಲ್ಲ. ಪತಿಯ ಐ-140 ಮಂಜೂರಾಗಿದ್ದರೆ ಅವಳು ಕೆಲಸದ ಪರವಾನಿಗೆಯನ್ನು ಕೇಳಬಹುದೆಂಬ ನಿಯಮವು 2015 ರಲ್ಲಿ ಬಂತು. ಮಕ್ಕಳ ವಿಷಯವು ಇನ್ನೂ ಸೂಕ್ಷ್ಮವಾದದ್ದು. ಇಲ್ಲಿ ಹುಟ್ಟಿ ಎಳೆತನದಲ್ಲಿಯೇ ಅಲ್ಲಿಗೆ ಹೋಗಿ ಬೆಳೆದ ಮಗುವಿಗೆ 21 ವರುಷ ತುಂಬಿದರೆ ಎಚ್-4 ನಿಂತುಹೋಗುವದು. ತಾಯಿತಂದೆಗಳ ಸಾಲಿನಿಂದಲೂ ಹೊರಬೀಳಬಹುದು. 2002 ನೆಯ ಕಾಯಿದೆಯೊಂದು ಐ-140 ತೀರ್ಮಾನಕ್ಕೆ ಹಿಡಿದ ದಿನಗಳನ್ನು ವಯಸ್ಸಿನಿಂದ ಕಳೆಯುವದಾದರೂ, ಹತ್ತು ಹನ್ನೆರಡು ವರುಷದ ಕಾಯುವಿಕೆಗೆ ಅದು ಸಾಲದು. ಆದ್ದರಿಂದ ಮಕ್ಕಳು ಹದಿನಾರು ಹದಿನೇಳರ ಪ್ರಾಯದಲ್ಲಿರುವಾಗಲೇ ತಿಳಿದ ವಕೀಲರ ಆಲೋಚನೆಯನ್ನು ಕೇಳತಕ್ಕದ್ದು.

ಕೊನೆಯದಾಗಿ, ಊರಿನಲ್ಲಿರುವ ತಾಯಿತಂದೆಗಳಿಂದ ಆಗತಕ್ಕ ಸಹಾಯವೂ ಒಂದುಂಟು. ಕಡೆಯ ಅರ್ಜಿಗೆ ಜನನದ ಪ್ರಮಾಣಪತ್ರ ಬೇಕು. ಅದರಲ್ಲಿ ಮಗುವಿನ ಹೆಸರೇ ಇಲ್ಲದಿರುವದು, ಹೆಸರಿನ ಮುಂದಿನ ಇನಿಷಿಯಲ್ ಒಂದು ಕಡೆ ಒಂದು ತರವಿರುವದು, ಮದುವೆಯಾದ ಮೇಲೆ ಹೆಸರು ಬದಲಾಗಿರುವದು ನಮ್ಮಲ್ಲಿ ಸಾಮಾನ್ಯ. ಪತ್ರವು ಸಿಕ್ಕದಿದ್ದರೆ ಸಿಕ್ಕುವದಿಲ್ಲವೆಂಬ ದಾಖಲೆಯನ್ನು ನಗರಸಭೆಯಿಂದಲೋ ಪಂಚಾಯತಿಯಿಂದಲೋ ಪಡೆದು, ಅದರೊಂದಿಗೆ ಶಾಲೆಯ ದಾಖಲೆಯನ್ನೂ ಬಲ್ಲವರ ಪ್ರಮಾಣಪತ್ರಿಕೆಯನ್ನೂ ಕೊಡಬೇಕಾಗುವದು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೂ ಶಾಲೆ ಬಿಟ್ಟ ಪ್ರಮಾಣಪತ್ರವೂ ಆಗ ಉಪಯೋಗಕ್ಕೆ ಬರುವವು, ಅವುಗಳನ್ನು ಜೋಪಾನವಾಗಿಡಿರಿ. ಮಗಳು ಊರಿನಲ್ಲಿ ಮೊದಲು ಮಾಡಿದ್ದ ಕೆಲಸಗಳ ಅನುಭವಪತ್ರಗಳನ್ನು, ಹುದ್ದೆ, ತಾರೀಖು, ಮಾಡಿದ ಕೆಲಸದ ವಿವರ ಇವುಗಳೊಂದಿಗೆ, ಆ ಕಂಪೆನಿಗಳು ಇರುವಾಗಲೇ ಬರೆಯಿಸಿ ತಕ್ಕೊಳ್ಳಿರಿ. ಐ-140 ರ ಮಂಜೂರಾತಿಯ ಪ್ರತಿಯೊಂದನ್ನು ಕಂಪೆನಿಯಿಂದ ಕೇಳಿ ತನ್ನ ಬಳಿಯಲ್ಲಿಟ್ಟುಕೊಳ್ಳುವಂತೆ ಮಗಳಿಗೆ ಇಂದೇ ತಿಳಿಸಿರಿ; ಸರದಿಯ ತಾರೀಖು ಅವಳದೆಂಬದಕ್ಕೆ ಅದೇ ಆಧಾರವು.