ಮಂಚದ ಪಕ್ಕದ ಪಾಠಗಳು

ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಬಸುರಿ, ಬಾಣಂತಿ, ಮಗುವಿನ ಲಸಿಕೆ ಇಷ್ಟನ್ನೇ ವಿಚಾರಿಸುತ್ತಾರೆ ಎಂದುಕೊಂಡವರು ಇನ್ನೂ ಇದ್ದಾರೆ. ಆದರೆ ಆಕೆ ತುಂಬಿಸುವ ತಪಾಸಣಾ ನಮೂನೆಯಲ್ಲಿ ಅರವತ್ತು ದಾಟಿದವರಿಗೆಂದೇ ಪ್ರತ್ಯೇಕ ಪ್ರಶ್ನೆಗಳಿವೆ. ನಿಂತಾಗ, ನಡೆಯುವಾಗ ತೂರಾಡಿದಂತಾಗುತ್ತದೆಯೇ? ಓಡಾಟಕ್ಕೆ ತೊಡಕಾಗುವ ಅಂಗವೈಕಲ್ಯ ಇದೆಯೇ? ಉಣ್ಣಲು, ಬಟ್ಟೆ ಹಾಕಿಕೊಳ್ಳಲು, ಸ್ನಾನ, ಶೌಚಕ್ಕೆ ಇನ್ನೊಬ್ಬರ ನೆರವು ಬೇಕೇ? ಹತ್ತಿರದವರ ಹೆಸರೋ ಮನೆಯ ವಿಳಾಸವೋ ಮರೆತುಹೋಗುತ್ತದೆಯೇ? ಒಂದಕ್ಕೆ ಹೌದು ಎಂದರೂ ವೈದ್ಯರಿಗೆ ತೋರಿಸಬೇಕು. ಗಾಜನೂರಿನ ತುಂಗಾ ಅಣೆಕಟ್ಟೆಯ ಸುತ್ತಲಿನ ಹಳ್ಳಿಯಾಗಲಿ, ಶಿವಮೊಗ್ಗದ ಬಡಾವಣೆಯಾಗಲಿ, ವಯಸ್ಸಾದವರ ಆರೈಕೆ ಶುರುವಾಗಬೇಕಾದದ್ದು ಈ ಪ್ರಶ್ನೆಗಳಿಂದ.

2011ರ ಜನಗಣತಿಯ ಹೊತ್ತಿಗೇ ಕರ್ನಾಟಕದ ಜನರಲ್ಲಿ ಅರವತ್ತು ದಾಟಿದವರು ಶೇ. 9.5ರಷ್ಟಿದ್ದರು. ಭದ್ರಾವತಿಯಂಥ ಊರಿನಲ್ಲಿ ಇದರ ಅರ್ಥ ಬೇಗ ತಿಳಿಯುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ ಎರಡೂ ಸೇರಿ ಕಟ್ಟಿದ ಊರು ಅದು. ಅಲ್ಲಿ ದುಡಿದು ನಿವೃತ್ತರಾದವರಿದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಇನ್ನೂ ದೂರದಲ್ಲೋ. ಮನೆಯಲ್ಲಿ ನೋಡಿಕೊಳ್ಳುವವರು ಹೆಂಡತಿ, ಸೊಸೆ, ಇಲ್ಲವೇ ತಿಂಗಳ ಸಂಬಳದ ‘ಹೋಮ್ ನರ್ಸ್’. ಹೆಸರಿನಲ್ಲಿ ನರ್ಸ್ ಇದ್ದರೂ ಹೀಗೆ ಬರುವವರಲ್ಲಿ ಅನೇಕರು ನರ್ಸಿಂಗ್ ಕಲಿತವರಲ್ಲ.

ಕಲಿಸುವ ಸಾಮಗ್ರಿ ಇಲ್ಲವೆಂದಲ್ಲ. ವೃದ್ಧರ ಆರೋಗ್ಯಕ್ಕೆಂದು ರಾಷ್ಟ್ರೀಯ ಕಾರ್ಯಕ್ರಮವೊಂದು 2010ರಲ್ಲೇ ಆರಂಭವಾಯಿತು. ಆಶಾ, ಸ್ಟಾಫ್ ನರ್ಸ್, ಸಮುದಾಯ ಆರೋಗ್ಯ ಅಧಿಕಾರಿ, ವೈದ್ಯ ಹೀಗೆ ಒಬ್ಬೊಬ್ಬರಿಗೂ ಬೇರೆ ಬೇರೆ ತರಬೇತಿ ಕೈಪಿಡಿಗಳು ತಯಾರಾಗಿವೆ. ಭಾರತೀಯ ನರ್ಸಿಂಗ್ ಪರಿಷತ್ತು ವೃದ್ಧರ ಶುಶ್ರೂಷೆಯಲ್ಲೇ ಒಂದು ವರ್ಷದ ಡಿಪ್ಲೊಮಾ ರೂಪಿಸಿದೆ. ಬೆಂಗಳೂರಿನಲ್ಲಿ 1998ರಲ್ಲಿ ಶುರುವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ರೋಗಿಗಳನ್ನು ನೋಡಿಕೊಳ್ಳುವುದರ ಜೊತೆಗೆ ಆರೈಕೆ ಮಾಡುವವರಿಗೆ ತರಬೇತಿಯನ್ನೂ ಕೊಡುತ್ತದೆ. ಕೊರತೆ ಇರುವುದು ಈ ತಿಳಿವಳಿಕೆ ತರಗತಿಯಿಂದ ಅಡುಗೆಮನೆಯ ಪಕ್ಕದ ಕೋಣೆಗೆ ಬರುವ ದಾರಿಯಲ್ಲಿ.

ಆ ತಿಳಿವಳಿಕೆಯ ಬಹುಪಾಲು ಕಷ್ಟದ್ದೇನಲ್ಲ. ಅಮೆರಿಕದ ನರ್ಸ್ ಟೆರ್ರಿ ಫುಲ್ಮರ್ 1988ರಲ್ಲಿ ವಯಸ್ಸಾದ ರೋಗಿಯಲ್ಲಿ ದಿನವೂ ಗಮನಿಸಬೇಕಾದ ಆರು ಸಂಗತಿಗಳನ್ನು ‘ಸ್ಪೈಸಸ್’ ಎಂಬ ಒಂದೇ ಪದದಲ್ಲಿ ಕಟ್ಟಿಕೊಟ್ಟರು: ನಿದ್ದೆ, ಊಟ, ಮಲಮೂತ್ರದ ಹಿಡಿತ, ಗೊಂದಲ, ಬಿದ್ದದ್ದು, ಚರ್ಮ. ಇವತ್ತಿಗೂ ನರ್ಸುಗಳು ಇದನ್ನು ಬಳಸುತ್ತಾರೆ. ಮನೆಯವರೂ ಬಳಸಬಹುದು.

ಇವುಗಳಲ್ಲಿ ಹೆಚ್ಚು ತಪ್ಪಿಹೋಗುವುದು ಗೊಂದಲ. ನಿನ್ನೆಯವರೆಗೆ ಚೆನ್ನಾಗಿ ಮಾತಾಡುತ್ತಿದ್ದ ಅಜ್ಜಿ ಇವತ್ತು ಮಗನನ್ನೇ ಯಾರೆಂದು ಕೇಳಿದರೆ, ಇಲ್ಲದವರನ್ನು ಕಂಡಂತೆ ಮಾತಾಡಿದರೆ, ‘ಅರವತ್ತಕ್ಕೆ ಅರಳುಮರಳು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಸುಮ್ಮನಾಗಬಾರದು. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಒಂದೆರಡು ದಿನದಲ್ಲಿ ಬಂದ ಗೊಂದಲದ ಹಿಂದೆ ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನಂಶದ ಕೊರತೆ, ರಕ್ತದಲ್ಲಿ ಸೋಡಿಯಂ ಇಳಿದದ್ದು, ಸಕ್ಕರೆ ಕುಸಿದದ್ದು ಅಥವಾ ಹೊಸ ಮಾತ್ರೆಯೊಂದು ಇರಬಹುದು. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಕಾಣದೇ ಇರಬಹುದು. ಗೊಂದಲವೇ ಮೊದಲ ಲಕ್ಷಣವಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ದರೆ ಬಹಳಷ್ಟು ಸಲ ಸರಿಹೋಗುತ್ತದೆ. ರಾತ್ರಿ ಬಚ್ಚಲಿಗೆ ಏಳಬೇಕಾಗುತ್ತದೆಂದು ಹೆದರಿ ಹಗಲಿಡೀ ನೀರು ಕುಡಿಯದ ಹಿರಿಯರು ಎಷ್ಟೋ ಮನೆಯಲ್ಲಿದ್ದಾರೆ. ಅವರ ಲೋಟದ ಮೇಲೆ ಕಣ್ಣಿಡುವುದೂ ಶುಶ್ರೂಷೆಯೇ.

ಬೀಳುವುದು ಮಲೆನಾಡಿನ ಮಳೆಗಾಲಕ್ಕೆ ಅಂಟಿದ ಭಯ. ಅಂಗಳದಲ್ಲಿ ಪಾಚಿ, ಬಚ್ಚಲಲ್ಲಿ ನುಣುಪು ಕಲ್ಲು, ನಡುರಾತ್ರಿ ಹೋದ ಕರೆಂಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸರಳ ಪರೀಕ್ಷೆ ಹೀಗಿದೆ: ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 14 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಶಕ್ತಿ, ನಡಿಗೆಯ ಬಗ್ಗೆ ಇನ್ನಷ್ಟು ತಪಾಸಣೆ ಬೇಕು. ಪರೀಕ್ಷಿಸುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲಿ. ಬೆಳಿಗ್ಗೆ ಮಲಗಿದಲ್ಲಿಂದ ದಡಕ್ಕನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರಬಹುದು. ಮಂಚದಂಚಿಗೆ ಸ್ವಲ್ಪ ಹೊತ್ತು ಕೂತು ಆಮೇಲೆ ಏಳುವ ಅಭ್ಯಾಸ ಮಾಡಿಸಬೇಕು.

ಹಾಸಿಗೆ ಹಿಡಿದವರಿಗೆ ಚರ್ಮದ ಕಾವಲು. ಸೊಂಟದ ಕೆಳಗೆ, ಹಿಮ್ಮಡಿ, ಸೊಂಟದ ಪಕ್ಕದ ಮೂಳೆ ಇವು ಮೊದಲು ಹುಣ್ಣಾಗುವ ಜಾಗಗಳು. ನಮ್ಮ ಮೈಬಣ್ಣದಲ್ಲಿ ಕೆಂಪು ಬೇಗ ಕಾಣುವುದಿಲ್ಲ; ಆದ್ದರಿಂದ ಬಣ್ಣ ಕಪ್ಪಾಗಿದೆಯೇ, ಮುಟ್ಟಿದರೆ ಬಿಸಿಯಾಗಿ ಇಲ್ಲವೇ ಗಟ್ಟಿಯಾಗಿ ತಾಗುತ್ತದೆಯೇ ಎಂದು ದಿನವೂ ನೋಡಬೇಕು. ಅಂಥ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು ಪ್ರೀತಿಯಿಂದಲೇ ಮಾಡುವ ತಪ್ಪು. ಒಳಗಿನ ಅಂಗಾಂಶಕ್ಕೆ ಅದರಿಂದ ಇನ್ನಷ್ಟು ಪೆಟ್ಟು. ಮಾಡಬೇಕಾದದ್ದು ಆ ಜಾಗದ ಮೇಲಿನ ಭಾರ ತೆಗೆದು, ಮಗ್ಗುಲು ಬದಲಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡುವುದು.

ನೋಡಿಕೊಳ್ಳುವವರ ಆರೋಗ್ಯವೂ ಈ ಪಾಠದೊಳಗೇ ಬರುತ್ತದೆ. ಮರೆವಿನ ರೋಗಿಗಳ ಮನೆಯವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಐಸಪೋರ್ಟ್’ನಲ್ಲಿ ಐದು ಭಾಗ, 23 ಪಾಠಗಳಿವೆ, ಒಂದು ಭಾಗವಿಡೀ ಆರೈಕೆ ಮಾಡುವವರ ದಣಿವು, ಒತ್ತಡ, ವಿಶ್ರಾಂತಿಯ ಬಗ್ಗೆಯೇ. ಭಾರತದ ಮನೆಗಳಿಗೆ ಅದನ್ನು ಒಗ್ಗಿಸುವ ಕೆಲಸ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದಿದೆ. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ಅಂಥ ಒಬ್ಬೊಬ್ಬರ ಹಿಂದೆಯೂ ನಿದ್ದೆಗೆಟ್ಟ ಒಬ್ಬರಾದರೂ ಇರುತ್ತಾರೆ, ಹೆಚ್ಚಾಗಿ ಹೆಂಗಸರು.

ಇಂಥವರಿಗೆ ಪುಸ್ತಕಕ್ಕಿಂತ ಕಣ್ಣೆದುರಿನ ಪಾಠ ಬೇಗ ತಲೆಗೆ ಹೋಗುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದಲೋ ಖಾಸಗಿ ನರ್ಸಿಂಗ್ ಹೋಮಿನಿಂದಲೋ ಹಿರಿಯರನ್ನು ಮನೆಗೆ ಕರೆತರುವ ಮುನ್ನ ಸಿಸ್ಟರ್ ಬಳಿ ಹದಿನೈದು ನಿಮಿಷ ಕೇಳಿಕೊಳ್ಳಬಹುದು. ಮಗ್ಗುಲು ಬದಲಿಸುವುದು, ಒರಗಿಸಿ ಕೂರಿಸಿ ಗಂಜಿ ಉಣಿಸುವುದು, ಪೈಪ್ ಇದ್ದರೆ ಅದನ್ನು ಶುಚಿಯಾಗಿಡುವುದು ಇವನ್ನೆಲ್ಲ ಒಮ್ಮೆ ಅವರು ಮಾಡಿ ತೋರಿಸಲಿ, ಇನ್ನೊಮ್ಮೆ ಅವರೆದುರೇ ಮನೆಯವರು ಮಾಡಲಿ. ಯಾವ ಲಕ್ಷಣ ಕಂಡರೆ ವಾಪಸು ಬರಬೇಕೆಂಬುದನ್ನು ಡಿಸ್ಚಾರ್ಜ್ ಚೀಟಿಯ ಹಿಂಬದಿಗೆ ಕನ್ನಡದಲ್ಲೇ ಬರೆಸಿಕೊಳ್ಳಲಿ. ಅದರ ಜೊತೆ ಹಿರಿಯರ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567 ಕೂಡ ಇರಲಿ. ಆ ಕರೆಗೆ ದುಡ್ಡಿಲ್ಲ.