ನೆಲಲೇಪನದ ಜಾರುನಿರೋಧಕ ಸೇರ್ಪಡೆ

ನೆಲಲೇಪನದ ಜಾರುನಿರೋಧಕ ಸೇರ್ಪಡೆ ಎಂದರೆ ಕಾಂಕ್ರೀಟ್ ನೆಲಕ್ಕೆ ಬಳಿಯುವ ಎಪಾಕ್ಸಿ, ಪಾಲಿಯುರಿಥೇನ್ ಅಥವಾ ಅಕ್ರಿಲಿಕ್ ಲೇಪನವು ನುಣುಪಾಗಿ ಜಾರದಂತೆ ಅದರೊಡನೆ ಸೇರಿಸುವ ಮರಳು, ಹರಳು ಅಥವಾ ಮಣಿಯ ರೂಪದ ವಸ್ತು. ವಾಹನ ನಿಲ್ಲಿಸುವ ಗ್ಯಾರೇಜು, ಕಾರ್ಯಾಗಾರ, ಎಣ್ಣೆ ಗಿರಣಿ ಮತ್ತು ಆಹಾರ ಸಂಸ್ಕರಣಾ ಘಟಕಗಳ ನೆಲಗಳಲ್ಲಿ ಇದರ ಬಳಕೆಯಿದೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಒಂದೇ ಶೆಡ್ಡು ಟ್ರ್ಯಾಕ್ಟರಿಗೂ ಕಾಯಿ-ಕೊಬ್ಬರಿಗೂ ಆಸರೆಯಾಗುವುದುಂಟು. ಅಂತಹ ನೆಲಕ್ಕೆ ನೀರು, ಎಂಜಿನ್ ಆಯಿಲ್ ಮತ್ತು ಕೊಬ್ಬರಿಯ ಜಿಡ್ಡು ಮೂರೂ ತಗಲುತ್ತವೆ. ಆದುದರಿಂದ ಸೇರ್ಪಡೆಯ ಆಯ್ಕೆಯು ಮುಖ್ಯವಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ: ನೆಲದ ಮೇಲೆ ಏನು ಚೆಲ್ಲುತ್ತದೆ ಮತ್ತು ಅದನ್ನು ಹೇಗೆ ಸ್ವಚ್ಛಗೊಳಿಸಲಾಗುತ್ತದೆ.

ಕಾರ್ಯವಿಧಾನ

ನುಣುಪಾದ ನೆಲವು ಒಣಗಿರುವಾಗ ಸಾಮಾನ್ಯವಾಗಿ ಜಾರುವುದಿಲ್ಲ. ದ್ರವ ಚೆಲ್ಲಿದಾಗ ಪಾದಕ್ಕೂ ನೆಲಕ್ಕೂ ನಡುವೆ ತೆಳುವಾದ ಪದರವೊಂದು ಉಂಟಾಗಿ ಘರ್ಷಣೆ ಕುಸಿಯುತ್ತದೆ. ಲೇಪನದಿಂದ ಮೇಲೆದ್ದು ನಿಂತ ಕಣಗಳು ಈ ಪದರವನ್ನು ಭೇದಿಸಿ ಪಾದರಕ್ಷೆಯ ಅಟ್ಟೆಯನ್ನು ಮುಟ್ಟುತ್ತವೆ. ದ್ರವವು ಮಂದವಾದಷ್ಟೂ ಹೆಚ್ಚಿನ ಒರಟುತನ ಬೇಕಾಗುತ್ತದೆ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ, ಶುದ್ಧ ನೀರು ಚೆಲ್ಲುವ ನೆಲಕ್ಕೆ ಕನಿಷ್ಠ 20 ಮೈಕ್ರಾನ್, ಮೋಟಾರ್ ಆಯಿಲ್ ಅಥವಾ ಆಲಿವ್ ಎಣ್ಣೆ ಚೆಲ್ಲುವ ನೆಲಕ್ಕೆ 70 ಮೈಕ್ರಾನ್ ಹಾಗೂ ಗೇರ್ ಆಯಿಲ್ ಅಥವಾ ಮಾರ್ಗರಿನ್ ಬೀಳುವ ನೆಲಕ್ಕೆ 70 ಮೈಕ್ರಾನ್‌ಗಿಂತ ಹೆಚ್ಚಿನ ಮೇಲ್ಮೈ ಒರಟುತನ ಅಗತ್ಯ.

ಅಳತೆಯ ವಿಧಾನಗಳು

ಜಾರುವಿಕೆಯನ್ನು ಅಳೆಯಲು ಎರಡು ವಿಧಾನಗಳು ಪ್ರಸಿದ್ಧವಾಗಿವೆ. ಲೋಲಕ ಪರೀಕ್ಷೆಯಲ್ಲಿ ರಬ್ಬರ್ ಅಂಚುಳ್ಳ ತೂಗುತೋಳು ನೆಲವನ್ನು ಉಜ್ಜುತ್ತಾ ಸಾಗುತ್ತದೆ. 36 ಅಥವಾ ಅದಕ್ಕಿಂತ ಹೆಚ್ಚಿನ ಅಂಕ ಬಂದರೆ ಜಾರುವ ಸಂಭವ ಕಡಿಮೆ, 24 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸಂಭವ ಹೆಚ್ಚು ಎಂದು ಪರಿಗಣಿಸಲಾಗುತ್ತದೆ. ಜರ್ಮನಿಯ ಡಿಐಎನ್ 51130 ಮಾನಕದಲ್ಲಿ ಮೋಟಾರ್ ಆಯಿಲ್ ಸವರಿದ ಇಳಿಜಾರಿನ ಮೇಲೆ ವ್ಯಕ್ತಿಯೊಬ್ಬರನ್ನು ನಡೆಸಿ, ನೆಲವನ್ನು ಆರ್9 ರಿಂದ ಆರ್13 ರವರೆಗೆ ವರ್ಗೀಕರಿಸುತ್ತಾರೆ. ಆರ್9 ಅತಿ ಕಡಿಮೆ ಹಿಡಿತದ, ಆರ್13 ಅತಿ ಹೆಚ್ಚು ಹಿಡಿತದ ವರ್ಗ. ನೀರಿನಲ್ಲಿ ಮಾತ್ರ ಪರೀಕ್ಷಿಸಿದ ಅಂಕದಿಂದ ಎಣ್ಣೆ ಬೀಳುವ ನೆಲದ ಗುಣವನ್ನು ನಿರ್ಣಯಿಸಲಾಗದು.

ಮುಖ್ಯ ಬಗೆಗಳು

- ಸ್ಫಟಿಕ ಮರಳು: ಮೋಸ್ ಮಾಪಕದಲ್ಲಿ ಇದರ ಗಡಸುತನ 7. ಅಗ್ಗವಾದುದು, ಸುಲಭವಾಗಿ ದೊರೆಯುವುದು. ತೊಳೆದು ಒಣಗಿಸಿ ಜರಡಿ ಹಿಡಿದ ಮರಳನ್ನೇ ಬಳಸಬೇಕು.
- ಅಲ್ಯೂಮಿನಿಯಂ ಆಕ್ಸೈಡ್: ಗಡಸುತನ 9. ಚೂಪಾದ ಅಂಚುಗಳಿಂದ ಎಣ್ಣೆಯಲ್ಲಿಯೂ ಉತ್ತಮ ಹಿಡಿತ ನೀಡುತ್ತದೆ ಮತ್ತು ಚಕ್ರಗಳ ಓಡಾಟಕ್ಕೆ ಬೇಗ ಸವೆಯುವುದಿಲ್ಲ. ಆದರೆ ಬರಿಗಾಲಿಗೂ ಮೊಣಕಾಲಿಗೂ ಒರಟು. ನೆಲ ಒರೆಸುವ ಬಟ್ಟೆಯನ್ನು ಹರಿಯುತ್ತದೆ.
- ಪಾಲಿಮರ್ ಮಣಿಗಳು: ಪಾಲಿಪ್ರೊಪಿಲೀನ್ ಮೊದಲಾದ ಪ್ಲಾಸ್ಟಿಕ್‌ಗಳ ಸಣ್ಣ ಕಣಗಳು. ಹಗುರವಾದುದರಿಂದ ಲೇಪನದ ತಳಕ್ಕೆ ಇಳಿಯುವುದಿಲ್ಲ. ಪಾದಕ್ಕೆ ಮೃದು; ಭಾರೀ ವಾಹನಗಳ ಕೆಳಗೆ ಬೇಗ ಸವೆಯುತ್ತವೆ.
- ಗಾಜಿನ ಮಣಿಗಳು: ದುಂಡಗಿರುವುದರಿಂದ ಹಿಡಿತ ಸಾಧಾರಣ, ಶುಚಿಗೊಳಿಸುವಿಕೆ ಸುಲಭ.
- ಸಸ್ಯಜನ್ಯ ಕಣಗಳು: ಅಕ್ರೋಟಿನ ಚಿಪ್ಪಿನ ಪುಡಿಯನ್ನು ಜಾರುನಿರೋಧಕ ಬಣ್ಣಗಳಲ್ಲಿ ಬಳಸುವುದುಂಟು. ತೆಂಗಿನ ಚಿಪ್ಪಿನ ಪುಡಿಯೂ ಇದೇ ಜಾತಿಯ ವಸ್ತು. ಖನಿಜಗಳಿಗಿಂತ ಮೃದುವಾದ ಇಂತಹ ಕಣಗಳು ಮೇಲ್ಲೇಪನ ಸವೆದರೆ ತೇವ ಹೀರುತ್ತವೆ.

ತೆಂಗಿನ ಸೀಮೆಯ ಸಂದರ್ಭ

ತಿಪಟೂರು ಉಂಡೆ ಕೊಬ್ಬರಿಯ ವ್ಯಾಪಾರಕ್ಕೆ ಹೆಸರಾದ ಮಾರುಕಟ್ಟೆ. ಇಲ್ಲಿ ಬಲಿತ ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಅನಂತರ ಸುಲಿದು ಚಿಪ್ಪು ಬಿಡಿಸಿ ಕೊಬ್ಬರಿ ತೆಗೆಯುತ್ತಾರೆ. ಒಣ ಕೊಬ್ಬರಿಯ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಎಣ್ಣೆಯೇ ಆಗಿರುವುದರಿಂದ, ಕಾಲಡಿ ಸಿಕ್ಕ ಚೂರುಗಳು ನೆಲಕ್ಕೆ ಜಿಡ್ಡು ಹಿಡಿಸುತ್ತವೆ.

ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಕರಗುತ್ತದೆ. ಚಳಿಗಾಲದ ಮುಂಜಾನೆಗಳಲ್ಲಿ ಅದು ನೆಲದ ಮೇಲೆ ಮೇಣದಂತೆ ಗಟ್ಟಿಯಾಗಿ, ಬಿಸಿಲೇರಿದಾಗ ಮತ್ತೆ ದ್ರವವಾಗುತ್ತದೆ. ಗಟ್ಟಿಯಾದ ಜಿಡ್ಡು ಕಣಗಳ ನಡುವಿನ ತಗ್ಗುಗಳನ್ನು ತುಂಬಿ ಒರಟು ನೆಲವನ್ನೂ ನುಣುಪಾಗಿಸಬಲ್ಲದು. ಆಗ ತಣ್ಣೀರಿನಿಂದ ತೊಳೆದರೆ ಪ್ರಯೋಜನ ಕಡಿಮೆ. ಬಿಸಿನೀರು ಮತ್ತು ಮಾರ್ಜಕ ಬೇಕು. ಕೊಬ್ಬರಿ ಎಣ್ಣೆಯಲ್ಲಿನ ಮೇದಾಮ್ಲಗಳು ಲೇಪನವಿಲ್ಲದ ಕಾಂಕ್ರೀಟನ್ನು ನಿಧಾನವಾಗಿ ಸವೆಸುವುದರಿಂದಲೂ ಇಂತಹ ನೆಲಗಳಿಗೆ ಲೇಪನ ಉಪಯುಕ್ತ.

ಆಯ್ಕೆ

ನೀರು ಮಾತ್ರ ಬೀಳುವ ಮನೆಯ ಗ್ಯಾರೇಜಿಗೆ ಪಾಲಿಮರ್ ಮಣಿ ಅಥವಾ ನಯವಾದ ಸ್ಫಟಿಕ ಮರಳು ಸಾಕಾಗುತ್ತದೆ. ಎಂಜಿನ್ ಆಯಿಲ್ ಬೀಳುವ, ಭಾರದ ವಾಹನ ಓಡಾಡುವ ನೆಲಕ್ಕೂ ಇಳಿಜಾರಿನ ಪ್ರವೇಶಕ್ಕೂ ದಪ್ಪ ಸ್ಫಟಿಕ ಮರಳು ಅಥವಾ ಅಲ್ಯೂಮಿನಿಯಂ ಆಕ್ಸೈಡ್ ಸೂಕ್ತ. ಜನರು ನೆಲದ ಮೇಲೆ ಕುಳಿತು ಚಿಪ್ಪು ಬಿಡಿಸುವ ಅಥವಾ ಕೊಬ್ಬರಿ ಹರಡುವ ಜಾಗದಲ್ಲಿ ಅತಿಯಾದ ಒರಟುತನ ಹಿತವಲ್ಲ: ಚೂರುಗಳು ಸಂದುಗಳಲ್ಲಿ ಸಿಕ್ಕಿ ಬೂಷ್ಟು ಹಿಡಿಯುತ್ತವೆ, ಸ್ವಚ್ಛತೆ ಕಷ್ಟವಾಗುತ್ತದೆ. ಇಡೀ ನೆಲಕ್ಕೆ ಒಂದೇ ಕಣವನ್ನು ಬಳಸದೆ, ನಡೆದಾಡುವ ದಾರಿ, ಯಂತ್ರದ ಸುತ್ತಲಿನ ಸ್ಥಳ ಮತ್ತು ಕೆಲಸದ ಕಟ್ಟೆಗಳಿಗೆ ಬೇರೆಬೇರೆ ಒರಟುತನ ನೀಡಬಹುದು.

ಕಣದ ಗಾತ್ರವು ಲೇಪನದ ದಪ್ಪಕ್ಕೆ ಹೊಂದಬೇಕು. ಲೇಪನದ ದಪ್ಪಕ್ಕಿಂತ ಚಿಕ್ಕದಾದ ಕಣ ಅದರೊಳಗೆ ಹುದುಗಿ ನಿಷ್ಫಲವಾಗುತ್ತದೆ. ತೀರ ದೊಡ್ಡದಾದ ಕಣಕ್ಕೆ ಸಾಕಷ್ಟು ಬೇರು ದೊರೆಯದೆ ಚಕ್ರದಡಿ ಕಿತ್ತು ಬರುತ್ತದೆ. ಮೊದಲು ಮೂಲೆಯೊಂದರಲ್ಲಿ ಸಣ್ಣ ಮಾದರಿಯನ್ನು ಬಳಿದು, ಒಣಗಿದ ಬಳಿಕ ಅಲ್ಲಿ ಬೀಳುವ ದ್ರವವನ್ನೇ ಚೆಲ್ಲಿ ಎಚ್ಚರಿಕೆಯಿಂದ ಪರೀಕ್ಷಿಸುವುದು ಉಪಯುಕ್ತ.

ಅಳವಡಿಕೆ

ಹೊಸ ಕಾಂಕ್ರೀಟಿಗೆ ಸಾಮಾನ್ಯವಾಗಿ 28 ದಿನ ಕಳೆದ ಬಳಿಕ ಲೇಪನ ಬಳಿಯುತ್ತಾರೆ. ಹಳೆಯ ನೆಲದ ಮೇಲೆ ನೀರಿನ ಹನಿಗಳು ಇಂಗದೆ ಮಣಿಗಟ್ಟಿ ನಿಂತರೆ ಎಣ್ಣೆ ಇನ್ನೂ ಉಳಿದಿರುವ ಸಾಧ್ಯತೆಯಿದೆ. ಜಿಡ್ಡು ತೆಗೆದು, ಮೇಲ್ಮೈಯನ್ನು ಯಂತ್ರದಿಂದ ಉಜ್ಜದಿದ್ದರೆ ಲೇಪನವೇ ಎದ್ದು ಬರುತ್ತದೆ. ಕಣಗಳನ್ನು ಸೇರಿಸುವ ಕ್ರಮಗಳು ಎರಡು. ಮೊದಲನೆಯದರಲ್ಲಿ ಅವನ್ನು ಲೇಪನದಲ್ಲಿಯೇ ಕಲಸಲಾಗುತ್ತದೆ. ಭಾರವಾದ ಕಣ ತಳ ಸೇರುವುದರಿಂದ ಆಗಾಗ ಕದಡಬೇಕು. ಎರಡನೆಯದರಲ್ಲಿ ಹಸಿ ಲೇಪನದ ಮೇಲೆ ಕಣಗಳನ್ನು ಸಮನಾಗಿ ಎರಚಿ, ಗಟ್ಟಿಯಾದ ಮೇಲೆ ಹೆಚ್ಚಾದುದನ್ನು ಗುಡಿಸಿ, ತೆಳುವಾದ ಮೇಲ್ಲೇಪನ ನೀಡಲಾಗುತ್ತದೆ. ಭಾರೀ ಬಳಕೆಯ ನೆಲಗಳಿಗೆ ಎರಡನೆಯ ಕ್ರಮ ಹೆಚ್ಚು ಬಾಳಿಕೆಯದು.

ಸುರಕ್ಷತೆ

ಸ್ಫಟಿಕ ಮರಳಿನ ಸೂಕ್ಷ್ಮ ಧೂಳನ್ನು ಉಸಿರಾಡುವುದರಿಂದ ಗುಣಪಡಿಸಲಾಗದ ಶ್ವಾಸಕೋಶ ರೋಗವಾದ ಸಿಲಿಕೋಸಿಸ್ ಬರಬಹುದು. ಕಾಂಕ್ರೀಟ್ ಉಜ್ಜುವಾಗಲೂ ಇದೇ ಅಪಾಯವಿರುವುದರಿಂದ ಸೂಕ್ತ ಮುಖಗವಸು ಮತ್ತು ಧೂಳು ಹೀರುವ ಯಂತ್ರ ಅಗತ್ಯ. 1948ರ ಕಾರ್ಖಾನೆಗಳ ಕಾಯ್ದೆಯ 32ನೆಯ ಕಲಮು ನೆಲ, ಮೆಟ್ಟಿಲು ಮತ್ತು ಓಡಾಟದ ದಾರಿಗಳನ್ನು ಜಾರಿ ಬೀಳಿಸಬಹುದಾದ ವಸ್ತುಗಳಿಂದ ಮುಕ್ತವಾಗಿಡಬೇಕೆಂದು ವಿಧಿಸಿತು. ಈ ಹೊಣೆಯನ್ನು ಒರಟು ಲೇಪನವೊಂದೇ ಪೂರೈಸಲಾರದು. ಚೆಲ್ಲಿದ ಎಣ್ಣೆಯನ್ನು ಕೂಡಲೇ ತೆಗೆಯುವುದು, ನೀರು ಹರಿದುಹೋಗಲು ಇಳಿಜಾರು ನೀಡುವುದು ಮತ್ತು ಕಣಗಳು ಸವೆದ ಜಾಗಕ್ಕೆ ಮರುಲೇಪನ ಮಾಡುವುದು ಅದರೊಡನೆ ಸಾಗಬೇಕಾದ ಕ್ರಮಗಳು.

ಇವನ್ನೂ ನೋಡಿ

- ಎಪಾಕ್ಸಿ
- ಘರ್ಷಣೆ
- ಕೊಬ್ಬರಿ
- ಸಿಲಿಕೋಸಿಸ್
- ತಿಪಟೂರು